ಬ್ಯಾಂಜೊದ ಗಿಡ್ಡ ತಂತಿ, ಹವಾಯಿಯ ಉಕ್ಕಿನ ಕಡ್ಡಿ

ಬ್ಯಾಂಜೊ ವಾದ್ಯವನ್ನು ಹತ್ತಿರದಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಐದನೆಯ ತಂತಿ. ಉಳಿದ ನಾಲ್ಕು ತಂತಿಗಳು ದಂಡಿಯ ತುದಿಯವರೆಗೆ ಹೋಗಿ ಬಿರಡೆಗಳಿಗೆ ಸುತ್ತಿಕೊಂಡರೆ, ಇದೊಂದು ಮಾತ್ರ ಐದನೆಯ ಮೆಟ್ಟಿಲಿನ (ಸ್ವರಸ್ಥಾನ ಗುರುತಿಸುವ ಅಡ್ಡಪಟ್ಟಿಯ) ಬಳಿ, ದಂಡಿಯ ಪಕ್ಕದಲ್ಲಿ ಚುಚ್ಚಿದ ಒಂಟಿ ಬಿರಡೆಯಲ್ಲೇ ನಿಂತುಬಿಡುತ್ತದೆ. ನುಡಿಸುವವರ ಹೆಬ್ಬೆರಳಿಗೆ ಅತ್ಯಂತ ಸಮೀಪದ ತಂತಿ ಇದು. ಗಿಟಾರಿನಲ್ಲಿ ಆ ಜಾಗದಲ್ಲಿ ಮಂದ್ರದ ದಪ್ಪ ತಂತಿ ಇರುತ್ತದೆ. ಬ್ಯಾಂಜೊದಲ್ಲಿ ಎಲ್ಲಕ್ಕಿಂತ ಎತ್ತರದ ಸ್ವರ. ಎಡಗೈ ಬೆರಳು ಅದನ್ನು ಒತ್ತುವುದು ಅಪರೂಪ. ಹಾಡು ಎಲ್ಲಿಗೆ ಹೋದರೂ ಹೆಬ್ಬೆರಳು ನಡುನಡುವೆ ಅದೇ ಸ್ವರವನ್ನು ಮೀಟುತ್ತಲೇ ಇರುತ್ತದೆ. ಅಮೆರಿಕದ ಕಂಟ್ರಿ ಸಂಗೀತವನ್ನು ಒಮ್ಮೆಯಾದರೂ ಕೇಳಿದವರಿಗೆ ಈ ಟಿಣ್ ಟಿಣ್ ನೆನಪಿರುತ್ತದೆ.

ಕಂಟ್ರಿ ಸಂಗೀತದ ಬಗ್ಗೆ ಬಹುಕಾಲ ಹೇಳಿಕೊಂಡು ಬಂದ ಕಥೆ ಸರಳವಾದದ್ದು: ಅಮೆರಿಕದ ಪೂರ್ವಭಾಗದ ಅಪಲಾಚಿಯನ್ ಬೆಟ್ಟಗಳ ಬಿಳಿಯ ರೈತರು ಬ್ರಿಟಿಷ್ ದ್ವೀಪಗಳಿಂದ ತಂದ ಹಾಡುಗಳನ್ನು ಹೊರಗಿನ ಸೋಂಕು ತಗಲದಂತೆ ಕಾಪಾಡಿಕೊಂಡರು, ಅದೇ ಮುಂದೆ ಕಂಟ್ರಿ ಆಯಿತು. ಈ ಕಥೆಯನ್ನು ಅಲ್ಲಗಳೆಯುವುದಕ್ಕೆ ದಾಖಲೆಗಳನ್ನು ಹುಡುಕುವ ಮೊದಲೇ ವಾದ್ಯಗಳ ದನಿಯನ್ನು ಗಮನವಿಟ್ಟು ಕೇಳಿದರೆ ಸಾಕು. ಒಂದೊಂದು ದನಿಯೂ ಹಾಗೇಕೆ ಕೇಳಿಸುತ್ತದೆ ಎಂದು ಕೇಳುತ್ತ ಹೋದರೆ, ಉತ್ತರ ಪಶ್ಚಿಮ ಆಫ್ರಿಕಾದಲ್ಲೋ ಹವಾಯಿಯಲ್ಲೋ ಸಿಗುತ್ತದೆ.

ಸೆನೆಗಲ್, ಗ್ಯಾಂಬಿಯಾ, ಗಿನಿ ಬಿಸ್ಸಾವ್ ಪ್ರದೇಶದ ಜೋಲಾ ಜನರ ಬಳಿ ಅಕೊಂಟಿಂಗ್ ಎಂಬ ವಾದ್ಯವಿದೆ. ಸೋರೆ ಬುರುಡೆಗೆ ಆಡಿನ ಚರ್ಮ ಬಿಗಿದು, ಉದ್ದನೆಯ ಕೋಲನ್ನು ತೂರಿಸಿ, ಮೂರು ತಂತಿ ಕಟ್ಟುತ್ತಾರೆ. ಅದರಲ್ಲಿ ಒಂದು ಗಿಡ್ಡ. ಅದನ್ನು ಮೀಟುವುದು ಹೆಬ್ಬೆರಳು. ಬೆರಳಿನ ಉಗುರು ಮೇಲಿನಿಂದ ಕೆಳಕ್ಕೆ ತಂತಿಯನ್ನು ಹೊಡೆಯುತ್ತದೆ, ಹೆಬ್ಬೆರಳು ಹಿಂದೆಯೇ ಗಿಡ್ಡ ತಂತಿಯನ್ನು ಎಳೆಯುತ್ತದೆ. ಅಪಲಾಚಿಯಾದ ಹಳೆಯ ಬ್ಯಾಂಜೊ ವಾದಕರ ಕೈಚಲನೆಯೂ ಇದೇ. ಗುಲಾಮರನ್ನಾಗಿ ಹಡಗಿನಲ್ಲಿ ತುಂಬಿ ತಂದ ಜನರ ಕೈಯಲ್ಲಿ ವಾದ್ಯ ಇದ್ದಿರಲಾರದು; ವಾದ್ಯ ಮಾಡುವ ಮತ್ತು ನುಡಿಸುವ ಬಗೆ ಅವರ ನೆನಪಿನಲ್ಲಿತ್ತು. 1687ರಲ್ಲಿ ಜಮೈಕಾಕ್ಕೆ ಹೋದ ವೈದ್ಯ ಹ್ಯಾನ್ಸ್ ಸ್ಲೋನ್ ಅಲ್ಲಿನ ಆಫ್ರಿಕನ್ನರು ಬುರುಡೆಯಿಂದ ಮಾಡಿದ ತಂತಿವಾದ್ಯಗಳನ್ನು ಕಂಡು, 1707ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವುಗಳ ಚಿತ್ರ ಹಾಕಿಸಿದ. ಬಿಳಿಯರು ಬ್ಯಾಂಜೊವನ್ನು ವೇದಿಕೆಗೆ ತಂದದ್ದು ಇದಾದ ಶತಮಾನಕ್ಕೂ ಹೆಚ್ಚು ಕಾಲದ ಮೇಲೆ. ವರ್ಜೀನಿಯಾದ ಜೋಯಲ್ ವಾಕರ್ ಸ್ವೀನಿ 1830ರ ದಶಕದಿಂದ ಅದನ್ನು ಜನಪ್ರಿಯಗೊಳಿಸಿದ. ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಪ್ರದರ್ಶನಗಳ ಮೂಲಕ ಅವರದೇ ವಾದ್ಯ ದೇಶವೆಲ್ಲ ಹರಡಿತು. ಈ ಅವಮಾನದ ಅಧ್ಯಾಯವನ್ನು ಬಿಟ್ಟು ಬ್ಯಾಂಜೊದ ಚರಿತ್ರೆ ಹೇಳುವುದು ಪ್ರಾಮಾಣಿಕವಲ್ಲ.

ಇನ್ನು ಅದರ ದನಿ. ತಂತಿ ತಾನಾಗಿಯೇ ಹೆಚ್ಚು ಸದ್ದು ಮಾಡಲಾರದು. ತೆಳ್ಳಗಿರುವ ಅದು ಗಾಳಿಯನ್ನು ಸೀಳುತ್ತದೆಯೇ ಹೊರತು ತಳ್ಳುವುದಿಲ್ಲ. ತಂತಿಯ ಕಂಪನ ಕುದುರೆಯ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಪುಟ್ಟ ಮರದ ತುಂಡಿನ, ಮೂಲಕ ಅಗಲವಾದ ಮೈಯೊಂದಕ್ಕೆ ಇಳಿದು, ಆ ಮೈ ಗಾಳಿಯನ್ನು ಅಲುಗಿಸಬೇಕು. ಗಿಟಾರಿನ ಮರದ ಹಲಗೆ ಬಿರುಸು, ಭಾರ. ಭಾರದ ಬಾಗಿಲನ್ನು ತಟ್ಟನೆ ತಳ್ಳಿದರೆ ಕೈ ಹಿಂದಕ್ಕೆ ಪುಟಿಯುವಂತೆ, ತಂತಿಯ ಶಕ್ತಿಯಲ್ಲಿ ಹೆಚ್ಚಿನ ಪಾಲು ಹಲಗೆಯಿಂದ ತಂತಿಗೇ ಮರಳುತ್ತದೆ, ಪ್ರತಿ ಅಲೆಯಲ್ಲೂ ಸ್ವಲ್ಪಸ್ವಲ್ಪವೇ ಹೊರಬೀಳುತ್ತದೆ. ಆದ್ದರಿಂದಲೇ ಗಿಟಾರಿನ ಸ್ವರ ಮೃದು, ದೀರ್ಘ. ಬ್ಯಾಂಜೊದ ಬಿಗಿದ ಚರ್ಮ ಹಗುರ. ತಂತಿಯ ಶಕ್ತಿ ಅದರೊಳಗೆ ಬೇಗ ನುಗ್ಗಿ ಗಾಳಿಗೆ ಸುರಿದುಹೋಗುತ್ತದೆ: ಸದ್ದು ಜೋರು, ಆಯುಸ್ಸು ಅಲ್ಪ.

ಜೋರು ಮತ್ತು ಅಲ್ಪಾಯುಸ್ಸಿನ ಲೆಕ್ಕ ಸರಿಹೋಗುತ್ತದೆ. ಆದರೆ ಆ ಲೋಹದ ಖಣಖಣ ಎಲ್ಲಿಂದ ಬಂತು? ಕಣಭೌತಶಾಸ್ತ್ರದ ಕೆಲಸಕ್ಕಾಗಿ 2004ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಡೇವಿಡ್ ಪೊಲಿಟ್ಜರ್ ಅವರನ್ನು ಈ ಪ್ರಶ್ನೆ ಹಿಡಿದುಕೊಂಡಿತು. ಬ್ಯಾಂಜೊದ ಕುದುರೆಯನ್ನು ಅಂಟಿಸಿರುವುದಿಲ್ಲ. ಚರ್ಮದ ಮೇಲೆ ಅದು ಸುಮ್ಮನೆ ನಿಂತಿರುತ್ತದೆ, ತಂತಿಗಳು ಅದರ ಮೇಲೆ ಕೋನ ಮಾಡಿಕೊಂಡು ಬಾಗಿ ಹಾದುಹೋಗುತ್ತವೆ. ಚರ್ಮ ಮೇಲೆ ಕೆಳಗೆ ಆಡಿದಾಗ ಕುದುರೆಯೂ ಆಡುತ್ತದೆ, ತಂತಿಗಳು ಕ್ಷಣಕ್ಷಣಕ್ಕೂ ಕೂದಲೆಳೆಯಷ್ಟು ಬಿಗಿಯಾಗಿ ಸಡಿಲವಾಗುತ್ತವೆ. ಬಿಗಿತ ಬದಲಾದರೆ ಸ್ವರವೂ ಬದಲಾಗಬೇಕು. ಈ ಏರಿಳಿತ ನಿಧಾನವಾಗಿದ್ದರೆ ನಾವು ಅದನ್ನು ಸ್ವರದ ಅಲುಗಾಟವೆಂದು ಕೇಳುತ್ತಿದ್ದೆವು; ಸೆಕೆಂಡಿಗೆ ನೂರಾರು ಸಲ ನಡೆಯುವುದರಿಂದ ಕಿವಿಗೆ ಅದು ಹೊಸ ಉಪಸ್ವರಗಳಾಗಿ, ಲೋಹ ಮಿಡಿದಂತೆ ಕೇಳಿಸುತ್ತದೆ ಎಂಬುದು ಪೊಲಿಟ್ಜರ್ ಕೊಟ್ಟ ವಿವರಣೆ. ಎಲೆಕ್ಟ್ರಾನಿಕ್ ಕೀಬೋರ್ಡುಗಳಲ್ಲಿ ಗಂಟೆಯ ದನಿ ಹುಟ್ಟಿಸಲು ಬಳಸುವ ಉಪಾಯವೂ ಇದೇ ತತ್ವದ್ದು. ಚರ್ಮ ಹೊದಿಸಿದ ಬುರುಡೆಯ ವಂಶಜನೊಳಗೆ ಇಂಥದೊಂದು ಗಣಿತ ಕೂತಿರುವುದು ನನಗಂತೂ ಮತ್ತೆ ಮತ್ತೆ ಬೆರಗು ಹುಟ್ಟಿಸುತ್ತದೆ.

ಸ್ವರ ಬೇಗ ಸಾಯುವುದರಿಂದ ವಾದಕ ಕೈ ನಿಲ್ಲಿಸುವಂತಿಲ್ಲ. 1945ರ ಕೊನೆಯಲ್ಲಿ ಮ್ಯಾಂಡೊಲಿನ್ ವಾದಕ ಬಿಲ್ ಮನ್ರೋ ಅವರ ತಂಡ ಸೇರಿದ ಬ್ಯಾಂಜೊ ವಾದಕ ಅರ್ಲ್ ಸ್ಕ್ರಗ್ಸ್ ಮೂರು ಬೆರಳುಗಳಿಂದ ಸ್ವರಗಳನ್ನು ಎಡೆಬಿಡದೆ ಉರುಳಿಸಿದಾಗ, ವಾದ್ಯದ ಕೊರತೆ ಎನಿಸಿದ್ದದ್ದೇ ಅದರ ಬಲವಾಯಿತು. ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಮುಂದಿನದಕ್ಕೆ ಮೆತ್ತಿಕೊಳ್ಳದೆ ಕೇಳಿಸುವುದು ಹಿಂದಿನದು ಆಗಲೇ ಸತ್ತಿರುವುದರಿಂದ. ಬ್ಲೂಗ್ರಾಸ್ ಎಂಬ ಶಾಖೆ ಬೆಳೆದದ್ದು ಹೀಗೆ.

ಪಿಟೀಲಿನ ದಾರಿ ಬೇರೆ. ಹದಿನೆಂಟನೆಯ ಶತಮಾನದಲ್ಲಿ ಉತ್ತರ ಐರ್ಲೆಂಡಿನ ಅಲ್ಸ್ಟರ್ ಕಡೆಯಿಂದ ಬಂದವರು ತಮ್ಮ ಕುಣಿತದ ಧಾಟಿಗಳ ಜೊತೆಗೆ ಅದನ್ನು ಬೆಟ್ಟಗಳಿಗೆ ತಂದರು. ವಾದ್ಯ ಶಾಸ್ತ್ರೀಯ ವಯಲಿನ್ನೇ. ಹಲವು ವಾದಕರು ಕುದುರೆಯ ಮೇಲಂಚನ್ನು ಕೊಂಚ ಚಪ್ಪಟೆ ಮಾಡಿಕೊಳ್ಳುತ್ತಾರೆ, ಆಗ ಕಮಾನು ಒಂದೇ ಎಳೆತಕ್ಕೆ ಎರಡು ತಂತಿಗಳನ್ನು ಸುಲಭವಾಗಿ ಮುಟ್ಟುತ್ತದೆ. ಒಂದರಲ್ಲಿ ಧಾಟಿ, ಪಕ್ಕದ್ದರಲ್ಲಿ ಕದಲದ ಶ್ರುತಿ. ನಾಲ್ಕು ತಂತಿಗಳನ್ನು ಎರಡೇ ಸ್ವರಗಳ ಮಂದ್ರ-ತಾರಗಳಿಗೆ ಕೂಡಿಸುವ ಪದ್ಧತಿಯೂ ಇದೆ. ಆಗ ಒಂದು ತಂತಿ ನುಡಿದರೆ ಮುಟ್ಟದ ಇನ್ನೊಂದೂ ಅನುರಣನದಿಂದ ಮಿಡಿಯುತ್ತದೆ, ಸಣ್ಣ ವಾದ್ಯಕ್ಕೆ ದೊಡ್ಡ ಮೈ ಬರುತ್ತದೆ. ಎಳೆದಷ್ಟೂ ನಿಲ್ಲುವ ಪಿಟೀಲು, ಮೀಟಿದೊಡನೆ ಆರುವ ಬ್ಯಾಂಜೊ: ಒಂದು ಧಾಟಿ ಹಿಡಿದರೆ ಇನ್ನೊಂದು ಲಯ ಹಿಡಿಯುತ್ತದೆ. ಐರೋಪ್ಯ ಮತ್ತು ಆಫ್ರಿಕನ್ ಮೂಲದ ಈ ಜೋಡಿ ತೋಟದ ಮನೆಗಳ ಕುಣಿತಗಳಲ್ಲಿ ಗಟ್ಟಿಯಾಯಿತು, ಮತ್ತು ಆ ಕುಣಿತಗಳಲ್ಲಿ ಪಿಟೀಲು ಹಿಡಿದವರು ಅನೇಕ ವೇಳೆ ಕಪ್ಪು ಗುಲಾಮರೇ ಆಗಿದ್ದರು.

ಧ್ವನಿಮುದ್ರಣ ಕಂಪನಿಗಳು ಬಂದಾಗ ಈ ಬೆರಕೆಯನ್ನು ಬೇರ್ಪಡಿಸಿ ಮಾರಿದವು. ಕಪ್ಪು ಗಾಯಕರ ಗ್ರಾಮಫೋನ್ ತಟ್ಟೆಗಳು ಒಂದು ಪಟ್ಟಿಯಲ್ಲಿ, ಬಿಳಿಯ ಹಳ್ಳಿಗರ ತಟ್ಟೆಗಳು ‘ಹಿಲ್‌ಬಿಲಿ’ ಎಂಬ ಇನ್ನೊಂದರಲ್ಲಿ. ಒಂದೇ ಊರಿನಲ್ಲಿ ಒಟ್ಟಿಗೆ ನುಡಿಸುತ್ತಿದ್ದವರು ಅಂಗಡಿಯಲ್ಲಿ ಬೇರೆಯಾದರು. ಕಂಟ್ರಿಯ ಹೆಸರಾಂತ ಹಾಡುಗಾರ ತಂಡವಾದ ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್ ಹಾಡು ಸಂಗ್ರಹಿಸಲು ಹೋಗುತ್ತಿದ್ದಾಗ ಜೊತೆಗಿದ್ದು, ಧಾಟಿಗಳನ್ನು ನೆನಪಿನಲ್ಲಿ ಹಿಡಿದು ತರುತ್ತಿದ್ದವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ತಟ್ಟೆಗಳ ಮೇಲೆ ಅವರ ಹೆಸರು ಬರಲಿಲ್ಲ. ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಆಪ್ರಿ’ ರೇಡಿಯೊ ಕಾರ್ಯಕ್ರಮದ ಮೊದಲ ತಾರೆಗಳಲ್ಲಿ ಒಬ್ಬರಾಗಿದ್ದ ಹಾರ್ಮೋನಿಕಾ ವಾದಕ ಡಿಫೋರ್ಡ್ ಬೈಲಿ ಅವರನ್ನು 1941ರಲ್ಲಿ ಕೈಬಿಡಲಾಯಿತು. ಆಮೇಲೆ ಅವರು ಬೂಟ್ ಪಾಲಿಶ್ ಅಂಗಡಿ ನಡೆಸಿ ಬದುಕಿದರು. ಕಂಟ್ರಿ ಸಂಗೀತದ ಗೌರವ ಪಟ್ಟಿಗೆ ಅವರ ಹೆಸರು ಸೇರಿದ್ದು 2005ರಲ್ಲಿ, ಅವರು ತೀರಿಕೊಂಡ 23 ವರ್ಷಗಳ ನಂತರ.

1927ರ ಜುಲೈ ಕೊನೆಯಲ್ಲಿ ವಿಕ್ಟರ್ ಕಂಪನಿಯ ರಾಲ್ಫ್ ಪಿಯರ್ ಟೆನೆಸಿ-ವರ್ಜೀನಿಯಾ ಗಡಿಯ ಬ್ರಿಸ್ಟಲ್ ಊರಿನಲ್ಲಿ ಧ್ವನಿಮುದ್ರಣ ಯಂತ್ರ ಹೂಡಿ ಸುತ್ತಲಿನ ಹಾಡುಗಾರರನ್ನು ಕರೆದರು. ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಜರ್ಸ್ ಮೊದಲ ಬಾರಿಗೆ ಮುದ್ರಣಕ್ಕೆ ಹಾಡಿದ್ದು ಅಲ್ಲಿಯೇ, ಆಗಸ್ಟ್ ತಿಂಗಳ ಮೊದಲ ವಾರದಲ್ಲಿ. ಕೆಲವು ವರ್ಷ ಮುಂಚೆ ಇದು ಇಷ್ಟು ಚೆನ್ನಾಗಿ ಸಾಧ್ಯವಿರಲಿಲ್ಲ ಎಂಬುದನ್ನು ಗಮನಿಸಬೇಕು. 1925ರವರೆಗೆ ಗಾಯಕರು ದೊಡ್ಡ ಕಹಳೆಯೊಳಗೆ ಗಂಟಲು ಬಿಚ್ಚಿ ಹಾಡಬೇಕಿತ್ತು. ಗಾಳಿಯ ಒತ್ತಡವೇ ಸೂಜಿಯನ್ನು ತಳ್ಳಿ ಮೇಣದಲ್ಲಿ ಗೆರೆ ಕೊರೆಯುತ್ತಿತ್ತು. ಪಿಟೀಲು, ಬ್ಯಾಂಜೊಗಳ ತೀಕ್ಷ್ಣ ದನಿ ಅದರಲ್ಲಿ ಉಳಿಯುತ್ತಿತ್ತು, ಗಿಟಾರಿನ ಮಂದ್ರ ಕಳೆದುಹೋಗುತ್ತಿತ್ತು. ವಿದ್ಯುತ್ ಮೈಕ್ರೊಫೋನ್ ಬಂದ ಮೇಲೆ ಪಿಸುದನಿಯೂ ಮೇಣಕ್ಕೆ ಇಳಿಯಿತು. ಮೇಬೆಲ್ ಕಾರ್ಟರ್ ಹೆಬ್ಬೆರಳಿನಿಂದ ಮಂದ್ರದ ತಂತಿಗಳಲ್ಲಿ ಧಾಟಿ ಮೀಟುತ್ತ, ಉಳಿದ ಬೆರಳುಗಳಿಂದ ತಾರದ ತಂತಿಗಳಲ್ಲಿ ಲಯ ಕೊಡುತ್ತಿದ್ದ ಕ್ರಮ ದೇಶಕ್ಕೆಲ್ಲ ಕೇಳಿಸಿದ್ದು ಈ ಯಂತ್ರದಿಂದ.

ಹಾಡುವ ರೀತಿಯನ್ನೂ ಅದು ಉಳಿಸಿತು. ಆಪೆರಾ ಗಾಯಕರು ಮೈಕಿಲ್ಲದೆ ವಾದ್ಯಮೇಳವನ್ನು ಮೀರಿ ಕೇಳಿಸಬೇಕಾದ್ದರಿಂದ ಗಂಟಲನ್ನು ಹದಗೊಳಿಸಿ ಸುಮಾರು 3,000 ಹರ್ಟ್ಸ್ ಆಸುಪಾಸಿನಲ್ಲಿ ಶಕ್ತಿಯನ್ನು ಗುಡ್ಡೆ ಹಾಕುತ್ತಾರೆ. ಸ್ವೀಡನ್ನಿನ ಧ್ವನಿವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ ಮತ್ತು ಸಹೋದ್ಯೋಗಿಗಳು ಕಂಟ್ರಿ ಗಾಯಕರ ದನಿಯನ್ನು ಅಳೆದಾಗ ಆ ಗುಡ್ಡೆ ಕಾಣಲಿಲ್ಲ. ಅವರ ಹಾಡು ಅವರ ಮಾತನ್ನೇ ಹೋಲುತ್ತಿತ್ತು. ಪಕ್ಕದಲ್ಲಿ ಕುಳಿತು ಸ್ವಂತ ಕಥೆ ಹೇಳುತ್ತಿದ್ದಾರೆ ಎನಿಸುವುದಕ್ಕೆ ಹೀಗೊಂದು ಅಳೆಯಬಹುದಾದ ಕಾರಣವಿದೆ. ಜಿಮ್ಮಿ ರಾಜರ್ಸ್‌ರ ಯೋಡೆಲ್ ಇದಕ್ಕೆ ಸೇರಿದ ಬೆರಗು. ಧ್ವನಿತಂತುಗಳು ದಪ್ಪಗಾಗಿ ಪೂರ್ತಿ ಬಡಿದುಕೊಳ್ಳುವ ಎದೆದನಿಯಿಂದ, ತೆಳ್ಳಗೆ ಎಳೆದು ಅಂಚು ಮಾತ್ರ ಕಂಪಿಸುವ ಕಳ್ಳದನಿಗೆ ಹಠಾತ್ತನೆ ಹಾರುವುದು. ತರಬೇತಿ ಪಡೆದ ಗಾಯಕರು ಮುಚ್ಚಿಡುವ ಆ ಬಿರುಕನ್ನು ಇವರು ಎತ್ತಿ ತೋರಿಸಿದರು. ಆಲ್ಪ್ಸ್ ಪರ್ವತದ ಈ ವಿದ್ಯೆಯನ್ನು ರೈಲು ಹಾದಿಯ ಕಪ್ಪು ಕಾರ್ಮಿಕರ ಬ್ಲೂಸ್‌ಗೆ ಬೆಸೆದ ರಾಜರ್ಸ್ ಕ್ಷಯದಿಂದ 35ನೆಯ ವಯಸ್ಸಿಗೇ ತೀರಿಕೊಂಡರು.

ರೇಡಿಯೊದ ಪಾತ್ರವನ್ನು ಚಿಕ್ಕದಾಗಿ ಹೇಳಬಹುದು. ‘ಆಪ್ರಿ’ಯನ್ನು ಬಿತ್ತರಿಸುತ್ತಿದ್ದ ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ ಕೇಂದ್ರ 1932ರಿಂದ 650 ಕಿಲೊಹರ್ಟ್ಸ್‌ನಲ್ಲಿ 50,000 ವಾಟ್ ಶಕ್ತಿಯಿಂದ ಪ್ರಸಾರ ಮಾಡಿತು. ಹಗಲಿನಲ್ಲಿ ವಾತಾವರಣದ ಮೇಲ್ಭಾಗದ ವಿದ್ಯುದಾವಿಷ್ಟ ವಲಯವಾದ ಅಯಾನುಗೋಳದ ಕೆಳಪದರ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅಲೆಗಳು ಮೇಲಿನ ಪದರದಿಂದ ಪ್ರತಿಫಲಿಸಿ ಸಾವಿರಾರು ಕಿಲೊಮೀಟರ್ ದೂರದಲ್ಲಿ ಇಳಿಯುತ್ತವೆ. ‘ಆಪ್ರಿ’ ನಡೆಯುತ್ತಿದ್ದದ್ದು ಶನಿವಾರ ರಾತ್ರಿ.

ಈಗ ಕಂಟ್ರಿ ಹಾಡಿನ ಅತ್ಯಂತ ಗುರುತಾದ ದನಿಗೆ ಬರೋಣ: ಸಾಲು ಮುಗಿದ ಮೇಲೆ ಹಿಂದಿನಿಂದ ಜಾರಿ ಬರುವ ಆ ಬಿಕ್ಕು. ಅದು ಸ್ಟೀಲ್ ಗಿಟಾರ್, ಹವಾಯಿಯ ಕೂಸು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜೋಸೆಫ್ ಕೆಕುಕು ಎಂಬ ಹವಾಯಿಯ ಹುಡುಗ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ಕಡ್ಡಿ ಜಾರಿಸುವ ಕ್ರಮವನ್ನು ರೂಢಿಸಿದ. 1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದ ನಂತರ ಹವಾಯಿಯ ಸಂಗೀತದ ಹುಚ್ಚು ಅಮೆರಿಕವನ್ನೆಲ್ಲ ಹಿಡಿಯಿತು, ಬೆಟ್ಟದ ಹಳ್ಳಿಗಳನ್ನೂ ಬಿಡಲಿಲ್ಲ. ಮೆಟ್ಟಿಲುಗಳ ಹಂಗಿಲ್ಲದ ಸ್ವರ ಮನುಷ್ಯನ ಗಂಟಲಿನಂತೆ ಜಾರಬಲ್ಲದು. ತೊಂದರೆಯೆಂದರೆ ಮಲಗಿಸಿದ ವಾದ್ಯದ ದನಿ ಕೇಳುಗರತ್ತ ಹೋಗದೆ ಚಾವಣಿಗೆ ಹೋಗುತ್ತಿತ್ತು. ಸ್ಲೊವಾಕ್ ವಲಸಿಗರಾದ ಡೊಪ್ಯೆರಾ ಸೋದರರು 1920ರ ದಶಕದ ಕೊನೆಯಲ್ಲಿ ಗಿಟಾರಿನ ಹೊಟ್ಟೆಯೊಳಗೆ ಅಲ್ಯೂಮಿನಿಯಂ ಶಂಕು ಕೂರಿಸಿ ದನಿ ಹೆಚ್ಚಿಸಿದರು. ಡೊಬ್ರೊ ಅವರ ವಾದ್ಯ. ಬಳಿಕ 1930ರ ದಶಕದ ಆರಂಭದಲ್ಲಿ ಜಾರ್ಜ್ ಬೋಶಾಂಪ್ ಅಯಸ್ಕಾಂತ ಮತ್ತು ತಂತಿಸುರುಳಿಯಿಂದ ಕಂಪನವನ್ನು ವಿದ್ಯುತ್ತಾಗಿ ಹಿಡಿದರು. ಮಾರುಕಟ್ಟೆಗೆ ಬಂದು ನೆಲೆ ಕಂಡ ಮೊದಲ ಎಲೆಕ್ಟ್ರಿಕ್ ಗಿಟಾರ್ ತೊಡೆಯ ಮೇಲಿನ ಈ ಹವಾಯಿಯನ್ ಗಿಟಾರೇ, ರಾಕ್ ಸಂಗೀತದ್ದಲ್ಲ.

ನೇರವಾದ ಕಡ್ಡಿಗೆ ಒಂದು ಮಿತಿಯಿದೆ. ಅದು ಎಲ್ಲ ತಂತಿಗಳನ್ನೂ ಒಂದೇ ಗೆರೆಯಲ್ಲಿ ಮುಟ್ಟುವುದರಿಂದ ಸ್ವರಗಳ ನಡುವಿನ ಅಂತರ ಎಲ್ಲಿ ಹೋದರೂ ಅಷ್ಟೇ. ಇದನ್ನು ಬಿಡಿಸಿದ್ದು ಪೆಡಲ್. ಪಾದದಿಂದ ಅದುಮಿದರೆ ಸರಳೊಂದು ಆಯ್ದ ತಂತಿಯನ್ನಷ್ಟೇ ಎಳೆದು ಬಿಗಿಗೊಳಿಸುತ್ತದೆ. ಕಂಪನಾಂಕ ಬಿಗಿತದ ವರ್ಗಮೂಲಕ್ಕೆ ಅನುಪಾತದಲ್ಲಿರುವುದರಿಂದ ಪೂರ್ಣ ಸ್ವರವೊಂದನ್ನು ಏರಿಸಲು ಬಿಗಿತವನ್ನು ಸುಮಾರು ಶೇ. 26ರಷ್ಟು ಹೆಚ್ಚಿಸಬೇಕು, ಅರ್ಧ ಸ್ವರಕ್ಕೆ ಶೇ. 12. ಹತ್ತು ತಂತಿಗಳಲ್ಲಿ ಇದನ್ನು ಶ್ರುತಿ ತಪ್ಪದಂತೆ ಮಾಡುವುದು ನವಿರಾದ ಯಂತ್ರಗಾರಿಕೆ. ಪೆಡಲ್‌ಗಳು ಮೊದಲೇ ಇದ್ದವು. ಆದರೆ 1954ರಲ್ಲಿ ಜನಪ್ರಿಯವಾದ ಗಾಯಕ ವೆಬ್ ಪಿಯರ್ಸ್‌ರ ಹಾಡೊಂದರಲ್ಲಿ ಸ್ಟೀಲ್ ವಾದಕ ಬಡ್ ಐಸಾಕ್ಸ್ ಸ್ವರ ನುಡಿಯುತ್ತಿರುವಾಗಲೇ ಪೆಡಲ್ ಅದುಮಿದರು. ಒಂದು ಸ್ವರ ಕದಲದೆ ನಿಂತಿದ್ದಾಗ ಇನ್ನೊಂದು ಅದರ ಪಕ್ಕದಲ್ಲೇ ಮೇಲಕ್ಕೆ ಬಾಗಿತು, ನ್ಯಾಶ್‌ವಿಲ್‌ನ ಸ್ಟೀಲ್ ವಾದಕರೆಲ್ಲ ತಮ್ಮ ವಾದ್ಯಕ್ಕೆ ಪೆಡಲ್ ಹಾಕಿಸಲು ಓಡಿದರು. ಇನ್ನೊಂದು ಪಾದ ದನಿಯ ಮಟ್ಟವನ್ನು ನೋಡಿಕೊಳ್ಳುತ್ತದೆ: ಸ್ವರ ಸಾಯುತ್ತ ಬಂದಂತೆ ದನಿ ಏರಿಸುತ್ತ ಹೋದರೆ ಮೀಟಿದ ತಂತಿ ಕಮಾನಿನಿಂದ ಎಳೆದಂತೆ ನಿಲ್ಲುತ್ತದೆ.

ಹವಾಯಿಯ ಕಡ್ಡಿ ನಮ್ಮ ಕಡೆಗೂ ಪಯಣಿಸಿತು. 1940ರ ದಶಕದಲ್ಲಿ ಕೋಲ್ಕತ್ತದಲ್ಲಿ ನೆಲೆಸಿದ್ದ ಹವಾಯಿಯನ್ ಗಿಟಾರ್ ವಾದಕ ಟಾವ್ ಮೋ ಅಲ್ಲಿ ಹಲವರಿಗೆ ಈ ವಾದನ ಕಲಿಸಿದರು. ಬ್ರಿಜ್ ಭೂಷಣ್ ಕಾಬ್ರಾ ಅದರಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು, ವಿಶ್ವಮೋಹನ ಭಟ್ ಅದನ್ನು ಮಾರ್ಪಡಿಸಿ ಮೋಹನ ವೀಣೆ ಮಾಡಿದರು. ಜಾರುವ ಕೋಲಿನ ವಾದ್ಯಗಳು ನಮ್ಮಲ್ಲಿ ಮೊದಲೇ ಇದ್ದವು: ಉತ್ತರದ ವಿಚಿತ್ರ ವೀಣೆ, ಮೈಸೂರಿನಲ್ಲಿ ಹುಟ್ಟಿದ ರವಿಕಿರಣ್ ನುಡಿಸುವ ದಕ್ಷಿಣದ ಚಿತ್ರವೀಣೆ. ಆದ್ದರಿಂದ ಹೊಸ ವಾದ್ಯ ಇಲ್ಲಿನ ಕಿವಿಗೆ ಪರಕೀಯವೆನಿಸಲಿಲ್ಲ. 1990ರ ದಶಕದಲ್ಲಿ ವಿಶ್ವಮೋಹನ ಭಟ್ಟರು ಕಂಟ್ರಿ ಲೋಕದ ಡೊಬ್ರೊ ವಾದಕ ಜೆರ್ರಿ ಡಗ್ಲಸ್ ಜೊತೆ ಕೂತು ಧ್ವನಿಮುದ್ರಣ ಮಾಡಿದರು. ಇಬ್ಬರ ಕೈಯಲ್ಲೂ ಲೋಹದ ಕಡ್ಡಿಯೇ. ಆದರೆ ಡೊಬ್ರೊದ ಸಂಪ್ರದಾಯದಲ್ಲಿ ಜಾರು ಒಂದು ಸ್ವರಮೇಳದಿಂದ ಇನ್ನೊಂದನ್ನು ತಲುಪುವ ಹಾದಿ; ಹಿಂದೂಸ್ತಾನಿ ವಾದಕರಿಗೆ ಎರಡು ಸ್ವರಗಳ ನಡುವಿನ ಆ ಹಾದಿಯೇ ರಾಗ ವಾಸಿಸುವ ಜಾಗ.