ಆ ಬಾಟಲಿಯನ್ನು ಈ ವಾರವೇ ತೆಗೆಯಿರಿ

ಮನೆಯಲ್ಲಿ ಒಂದಿಷ್ಟು ವೈನ್ ಕೂಡಿಡಬೇಕು ಅಂತ ಸಲಹೆಗೆ ಬರುವವರು ಕೇಳುವುದು ಎರಡೇ ಪ್ರಶ್ನೆ. ಯಾವುದು ಕೊಳ್ಳಲಿ? ಎಷ್ಟು ವರ್ಷ ಇಡಲಿ? ಮೊದಲನೆಯದಕ್ಕೆ ನಿಮ್ಮ ನಾಲಿಗೆಯನ್ನೇ ಕೇಳಿ ಅಂತೀನಿ. ಎರಡನೆಯದು ಬಂದ ಕೂಡಲೇ ನನ್ನ ತಾಳ್ಮೆ ಸ್ವಲ್ಪ ಸಡಿಲವಾಗುತ್ತದೆ. ಯಾಕೆಂದರೆ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: 'ಹಳೆಯದಾದಷ್ಟೂ ರುಚಿ ಜಾಸ್ತಿ, ಅಲ್ವಾ?'

ಅಲ್ಲ. ಅಂಗಡಿಯಲ್ಲಿ ಸಿಗುವ ವೈನಿನಲ್ಲಿ ಬಹುಪಾಲು, ಮಾರಾಟಕ್ಕೆ ಬಂದ ಒಂದೆರಡು ವರ್ಷದಲ್ಲಿ ಕುಡಿದು ಮುಗಿಸಲೆಂದೇ ಮಾಡಿದ್ದು. ಇದನ್ನು ಹೇಳಿ ಹೇಳಿ ನನಗೇ ಬೇಜಾರಾಗಿದೆ. ಆದರೂ ಮುಂದಿನ ಮನೆಗೆ ಹೋದರೆ ಅಲ್ಲಿ ಐದಾರು ವರ್ಷದ ಸೊವಿನ್ಯೋಂ ಬ್ಲಾಂ ಅನ್ನೋ ಬಿಳಿ ವೈನ್, ಮಗಳ ಮದುವೆಗೆ ಅಂತ ಕಾದು ಕೂತಿರುತ್ತದೆ. ಮಗಳು ಇನ್ನೂ ಪಿಯುಸಿ.

ವೈನ್ ಬಾಳಿಕೆ ಬರಬೇಕಾದರೆ ಅದರೊಳಗೇ ಬಂಡವಾಳ ಇರಬೇಕು. ಹಣ್ಣಿನ ಸಿಪ್ಪೆ, ಬೀಜದಿಂದ ಬರುವ ಒಗರು, ಅಂದರೆ ಟ್ಯಾನಿನ್. ಗಟ್ಟಿಯಾದ ಹುಳಿ. ಇಲ್ಲವೇ ಸಕ್ಕರೆ. ಒಳ್ಳೆಯ ಕೆಂಪು ವೈನಿನಲ್ಲಿ ವರ್ಷಗಳು ಕಳೆದಂತೆ ಟ್ಯಾನಿನ್ ಕಣಗಳು ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ, ತಳಕ್ಕೆ ಕೂರುತ್ತವೆ. ಬಾಯಿ ಒಣಗಿಸುತ್ತಿದ್ದ ವೈನ್ ಮೆತ್ತಗಾಗುತ್ತದೆ. ತಾಜಾ ಹಣ್ಣಿನ ವಾಸನೆ ಹೋಗಿ ಒಣಹಣ್ಣು, ಚರ್ಮ, ತಂಬಾಕಿನ ಘಮ ಬರುತ್ತದೆ. ಫ್ರಾನ್ಸಿನ ಬೊರ್ಡೋದ ದೊಡ್ಡ ಹೆಸರುಗಳು, ಇಟಲಿಯ ಬರೋಲೊ, ಪೋರ್ಚುಗಲ್ಲಿನ ವಿಂಟೇಜ್ ಪೋರ್ಟ್, ಸಿಹಿಯಾದ ಸೋಟರ್ನ್, ಇವೆಲ್ಲ ಈ ಜಾತಿಯವು. ಆದರೆ ಸೊವಿನ್ಯೋಂ ಬ್ಲಾಂ, ನಮ್ಮ ನಾಸಿಕ್ ಕಡೆಯ ಬಿಳಿ ಶೆನಿನ್ ಬ್ಲಾಂ, ಗುಲಾಬಿ ಬಣ್ಣದ ರೋಸೇ, ಅಗ್ಗದ ಕೆಂಪು, ಇವುಗಳಿಗೆ ಇರುವುದು ತಾಜಾತನ ಒಂದೇ. ಅದು ಹೋದರೆ ಉಳಿಯುವುದು ಬಣ್ಣಗೆಟ್ಟ ಹುಳಿನೀರು. ಉಪ್ಪಿನಕಾಯಿ ಭರಣಿಯಲ್ಲಿ ವರ್ಷಗಟ್ಟಲೆ ಇರುತ್ತದೆ ಅಂತ ಕೊತ್ತಂಬರಿ ಚಟ್ನಿಯನ್ನೂ ಭರಣಿಗೆ ಹಾಕಿಡುತ್ತೀರಾ?

ಹಾಗಾದರೆ ನಮ್ಮ ಕರ್ನಾಟಕದ ವೈನ್? ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಅವರ ಲಾ ರಿಸರ್ವ್, ಹಂಪಿ ಕಡೆಯ ಕೃಷ್ಮಾದ ಕ್ಯಾಬರ್ನೆ, ಇಂಥ ಕೆಂಪು ವೈನುಗಳನ್ನು ಸರಿಯಾಗಿಟ್ಟರೆ ಕೆಲವು ವರ್ಷ ತಡೆದುಕೊಳ್ಳುತ್ತವೆ. ಕೆಲವು ಅಂದರೆ ಎಷ್ಟು ಅಂತ ಫೋನಿನಲ್ಲಿ ಕೇಳಬೇಡಿ. ಬಾಟಲಿ ಎಲ್ಲಿತ್ತು, ಹೇಗಿತ್ತು ಅಂತ ನೋಡದೆ ನಾನು ಲೆಕ್ಕ ಹೇಳುವುದಿಲ್ಲ.

ನಿಜವಾದ ತೊಂದರೆ ಇರುವುದು ಅಲ್ಲೇ. ವೈನಿಗೆ ಬೇಕಾದದ್ದು 12-13 ಡಿಗ್ರಿ ಸೆಲ್ಸಿಯಸ್, ಕತ್ತಲೆ, ಏರಿಳಿತವಿಲ್ಲದ ತಂಪು. ಬೆಂಗಳೂರಿನ ಏಪ್ರಿಲ್‌ನಲ್ಲಿ ಹೊರಗೆ 35 ದಾಟುತ್ತದೆ, ಮೇಲಿನ ಮಹಡಿಯ ಅಡುಗೆಮನೆಯ ಕತೆ ಕೇಳಲೇಬೇಡಿ. ಕಲಬುರಗಿ, ರಾಯಚೂರಿನವರಿಗೆ ನಾನು ಹೇಳಬೇಕಾಗಿಯೇ ಇಲ್ಲ. ಆ ಸೆಕೆಯಲ್ಲಿ ವೈನ್ ಹಣ್ಣಾಗುವುದಿಲ್ಲ, ಬೇಯುತ್ತದೆ. ಒಳಗಿನ ದ್ರವ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ಸಂದಿನಿಂದ ಗಾಳಿ ಹೊಗುತ್ತದೆ.

ಮಲ್ಲೇಶ್ವರದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ, ಬಹಳ ಒಳ್ಳೆಯ ಮನುಷ್ಯ, ಕಾಫಿ ಕುಡಿಸದೆ ಕಳಿಸುವುದಿಲ್ಲ. ಮಗ ಕ್ಯಾಲಿಫೋರ್ನಿಯಾದಿಂದ ತಂದ ರೋಸೇಯನ್ನು ಅವರು ಚನ್ನಪಟ್ಟಣದ ಗೊಂಬೆಗಳ ಪಕ್ಕ, ಗಾಜಿನ ಶೋಕೇಸಿನಲ್ಲಿ, ಮೇಲೊಂದು ದೀಪ ಹಾಕಿ ನಿಲ್ಲಿಸಿದ್ದರು. ತೆಳು ಗಾಜಿನ ಬಿಳಿ ಬಾಟಲಿ, ದಿನವಿಡೀ ಬೆಳಕು. 'ಈಗ ಇದರ ಬೆಲೆ ಎಷ್ಟಾಗಿರಬಹುದು?' ಅಂತ ಕೇಳಿದರು. ಗುಲಾಬಿ ಬಣ್ಣ ಹೋಗಿ ಈರುಳ್ಳಿ ಸಿಪ್ಪೆಯ ಬಣ್ಣ ಬಂದಿತ್ತು. ಬಾಟಲಿ ಚೆನ್ನಾಗಿದೆ ಸಾರ್ ಅಂದೆ. ಅವರಿಗೆ ಅರ್ಥವಾಯಿತು, ಜೋರಾಗಿ ನಕ್ಕರು. ಆದರೂ ಅದನ್ನು ಅಲ್ಲಿಂದ ತೆಗೆದಿಲ್ಲ.

ಮರದ ಕಪಾಟಿಗೆ ದುಡ್ಡು ಸುರಿಯುವ ಮೊದಲು ಒಂದು ಚಿಕ್ಕ ವೈನ್ ಫ್ರಿಜ್ ನೋಡಿ. ಕಂಪ್ರೆಸರ್ ಇರುವುದೇ ಇರಲಿ. ಕಂಪ್ರೆಸರ್ ಇಲ್ಲದ ಥರ್ಮೋಎಲೆಕ್ಟ್ರಿಕ್ ಅಗ್ಗ, ಸದ್ದಿಲ್ಲ, ಆದರೆ ಕೋಣೆ ಕಾದರೆ ಅದರ ಕೈಯಲ್ಲಿ ಆಗುವುದಿಲ್ಲ. ಅದೂ ಬೇಡವಾದರೆ ಮನೆಯ ಫ್ರಿಜ್ಜಿನ ಕೆಳಗಿನ ತಟ್ಟೆಯೇ ಸಾಕು. ಕೆಲವು ತಿಂಗಳ ಮಟ್ಟಿಗೆ ಅದು ಶೋಕೇಸಿಗಿಂತ ಎಷ್ಟೋ ವಾಸಿ. ಬಿರಡೆಯ ಬಾಟಲಿಯನ್ನು ಮಲಗಿಸಿಡಿ, ತಿರುಗಿಸುವ ಮುಚ್ಚಳದ್ದು ಹೇಗಿದ್ದರೂ ನಡೆಯುತ್ತದೆ.

ಕೊಳ್ಳುವಾಗ ಲೇಬಲ್ಲಿನ ವರ್ಷ ನೋಡಿ, ಅದು ಕೊಯ್ಲಿನ ವರ್ಷ. ನಮ್ಮಲ್ಲಿ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್, ಫ್ರಾನ್ಸಿನಲ್ಲಿ ಸೆಪ್ಟೆಂಬರ್ ಆಸುಪಾಸು. ಹಾಗಾಗಿ ಒಂದೇ ವರ್ಷ ಬರೆದಿದ್ದರೂ ನಮ್ಮದು ಅರ್ಧ ವರ್ಷ ಹಿರಿಯದು. ಅಂಗಡಿಯ ಕಿಟಕಿಯಲ್ಲಿ ಬಿಸಿಲು ಕಾಯುತ್ತಿರುವ ಬಾಟಲಿ ಬೇಡ, ಒಳಗಿನ ಪೆಟ್ಟಿಗೆಯಿಂದ ಕೊಡಿ ಅನ್ನಿ. ಮುಜುಗರ ಪಡಬೇಡಿ, ದುಡ್ಡು ನಿಮ್ಮದು. ಕೊಂಡ ಮೇಲೆ ಕಾರಿನ ಡಿಕ್ಕಿಯಲ್ಲಿಟ್ಟು ಮಧ್ಯಾಹ್ನ ಮಾಲ್ ಸುತ್ತಲು ಹೋಗಬೇಡಿ. ವಿದೇಶದಿಂದ ತರುವವರಿಗೆ ಸುಂಕವಿಲ್ಲದೆ ತಲೆಗೆ 2 ಲೀಟರ್, 750 ಮಿಲಿಯ ಬಾಟಲಿಯಾದರೆ ಅದರೊಳಗೆ ಎರಡೇ ಹಿಡಿಯುತ್ತವೆ. ಆ ಜಾಗಕ್ಕೆ ರೋಸೇ ತರಬೇಡಿ. ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದಕ್ಕೂ ಅಬಕಾರಿ ಮಿತಿ ಇದೆ. ನನ್ನ ಮಾತು ನಂಬಿ ಪೆಟ್ಟಿಗೆಗಟ್ಟಲೆ ಕೊಳ್ಳುವ ಮೊದಲು ಇಲಾಖೆಯನ್ನೇ ಕೇಳಿ.

ಶುರು ಮಾಡುವವರಿಗೆ ಒಂದೇ ಕೆಂಪು ವೈನಿನ ಮೂರು ಬಾಟಲಿ ತನ್ನಿ ಅಂತೀನಿ. ಒಂದು ಈಗ, ಒಂದು ಮುಂದಿನ ವರ್ಷ, ಒಂದು ಅದರಾಚೆ. ಪ್ರತಿ ಸಲ ನಾಲ್ಕು ಸಾಲು ಬರೆದಿಡಿ. ಎರಡನೆಯದು ಮೊದಲಿನದಕ್ಕಿಂತ ಸಪ್ಪೆ ಅನ್ನಿಸಿದರೆ ಮೂರನೆಯದಕ್ಕೆ ವರ್ಷ ಕಾಯಬೇಡಿ, ಬರುವ ಶನಿವಾರ ಯಾರನ್ನಾದರೂ ಊಟಕ್ಕೆ ಕರೆಯಿರಿ.