ಚದುರಿ ಹೋಗಬೇಕಾದ ಅನಿಲ ನಕ್ಷತ್ರ ಆಗೋದು ಹೇಗೆ?

ಪ್ರಶ್ನೆ: ಸೆಂಟ್ ಬಾಟಲಿಯ ಮುಚ್ಚಳ ತೆಗೆದರೆ ವಾಸನೆ ಕೋಣೆ ತುಂಬಾ ಹರಡುತ್ತೆ. ಅನಿಲದ ಗುಣವೇ ಅದು ಅಲ್ವಾ? ಮತ್ತೆ ಬಾಹ್ಯಾಕಾಶದಲ್ಲಿ ಅದೇ ಅನಿಲ ಒಟ್ಟುಗೂಡಿ ನಕ್ಷತ್ರ ಆಗೋದು ಹೇಗೆ?

ಉತ್ತರ: ಅನುಮಾನ ಸರಿಯಾಗೇ ಇದೆ. ಬಾಟಲಿಯೊಳಗಿನ ಅನಿಲಕ್ಕೂ ತನ್ನದೇ ಗುರುತ್ವ ಇದೆ, ಆದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ನಕ್ಷತ್ರ ಹುಟ್ಟುವ ದೊಡ್ಡ ಮೋಡಗಳ ಕಥೆ ಬೇರೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗೋಕೆ ಬೆಳಕಿಗೇ ಹತ್ತಾರು ವರ್ಷ ಬೇಕು, ಸಾವಿರಾರು ಸೂರ್ಯರಿಗೆ ಸಾಲುವಷ್ಟು ಸಾಮಾನು ಅದರಲ್ಲಿರುತ್ತದೆ. ಮೇಲಾಗಿ ವಿಪರೀತ ಚಳಿ, ಸುಮಾರು ಮೈನಸ್ 260 ಡಿಗ್ರಿ! ಅನಿಲ ಹರಡುವುದು ಅದರ ಕಣಗಳ ಓಡಾಟದಿಂದ, ಆ ಚಳಿಯಲ್ಲಿ ಓಡಾಟವೇ ಮಂದ. ಸುತ್ತಲಿನ ನಕ್ಷತ್ರಗಳ ಬೆಳಕು ಒಳಗೆ ಬಂದು ಬಿಸಿ ಮಾಡದಂತೆ ಧೂಳು ತಡೆಯುತ್ತದೆ. ಹಾಗಾಗಿ ಎಲ್ಲಾದರೂ ಒಂದು ಕಡೆ ಸ್ವಲ್ಪ ಜಾಸ್ತಿ ದಟ್ಟವಾದರೆ ಸಾಕು, ಗುರುತ್ವದ ಕೈ ಮೇಲಾಗುತ್ತದೆ.

ಕುಸಿದಷ್ಟೂ ನಡುಭಾಗ ಕಾಯುತ್ತದೆ. ಸುಮಾರು 1 ಕೋಟಿ ಡಿಗ್ರಿ ಮುಟ್ಟಿದಾಗ ಹೈಡ್ರೋಜನ್ ಹೀಲಿಯಂ ಆಗತೊಡಗುತ್ತದೆ. ಅದೇ ನಕ್ಷತ್ರ.

ಆದರೆ ಎಲ್ಲವೂ ನಡುವಿಗೆ ಬೀಳುವುದಿಲ್ಲ, ನನಗೆ ಇಷ್ಟವಾದ ಭಾಗ ಇದೇ. ಮೋಡ ಮೊದಲೇ ಸ್ವಲ್ಪ ತಿರುಗುತ್ತಿರುತ್ತದೆ, ಕುಗ್ಗಿದ ಹಾಗೆ ಆ ತಿರುಗುವಿಕೆ ಜೋರಾಗುತ್ತದೆ. ಮೇಲಿನಿಂದ ಬಿದ್ದದ್ದೂ ಕೆಳಗಿನಿಂದ ಬಂದದ್ದೂ ನಡುವೆ ಡಿಕ್ಕಿ ಹೊಡೆದು ಆ ವೇಗ ಕಳೆದುಕೊಳ್ಳುತ್ತವೆ, ಉಳಿಯುವುದು ಸುತ್ತುವ ಓಟ ಮಾತ್ರ. ಹಾಗಾಗಿ ತೆಳ್ಳನೆಯ ತಟ್ಟೆ. 2014ರಲ್ಲಿ ಚಿಲಿಯ ಆಲ್ಮಾ ದೂರದರ್ಶಕ ಇಂಥದ್ದೊಂದರ ಚಿತ್ರ ತೆಗೆಯಿತು: ಸುಮಾರು 450 ಜ್ಯೋತಿರ್ವರ್ಷ ದೂರದ ಎಚ್‌ಎಲ್ ಟೌರಿ ಎಂಬ ಎಳೆಯ ನಕ್ಷತ್ರದ ಸುತ್ತಲಿನ ತಟ್ಟೆ. ಹೊಳೆಯುವ ಬಳೆಗಳು, ನಡುನಡುವೆ ಕಪ್ಪು ಸಂದುಗಳು. ಹುಟ್ಟುತ್ತಿರುವ ಗ್ರಹಗಳೇ ಆ ಸಂದುಗಳನ್ನು ಮಾಡಿರಬಹುದು ಅನ್ನುವುದು ಹಲವರ ವಾದ.

ಗ್ರಹ ಹುಟ್ಟುವುದು ಹೀಗೆ: ಮಂಚದ ಕೆಳಗೆ ಉಂಡೆ ಕಟ್ಟುವ ಹಾಗೆ ತಟ್ಟೆಯಲ್ಲೂ ಧೂಳು ಉಂಡೆ ಕಟ್ಟುತ್ತದೆ. ಕಲ್ಲಿನಷ್ಟು ದೊಡ್ಡದಾದ ಮೇಲೆ ತೊಂದರೆ. ಕಲ್ಲಿಗೆ ಕಲ್ಲು ತಾಗಿದರೆ ಸುಮ್ನೆ ಅಂಟಿಕೊಳ್ಳುವುದಿಲ್ಲ, ಪುಟಿಯುತ್ತದೆ ಇಲ್ಲವೇ ಒಡೆಯುತ್ತದೆ. ಚೂರುಗಳು ಗುಂಪುಗುಂಪಾಗಿ ಸೇರಿ, ಆ ಗುಂಪೇ ತನ್ನ ಭಾರಕ್ಕೆ ಒಮ್ಮೆಗೇ ಕುಸಿದು ಈ ಹಂತ ದಾಟುತ್ತದೆ ಎಂದು ಈಗ ಅನೇಕ ವಿಜ್ಞಾನಿಗಳು ನಂಬುತ್ತಾರೆ.

ಅಂದಹಾಗೆ, ನೀವು ಹೇಳಿದ್ದು ಕೊನೆಗೆ ನಡೆದೇ ನಡೆಯುತ್ತದೆ. ನಕ್ಷತ್ರದ ಬೆಳಕಿಗೆ ಕಾದು, ತಟ್ಟೆಯಲ್ಲಿ ಉಳಿದ ಅನಿಲ ಹೆಚ್ಚೆಂದರೆ 1 ಕೋಟಿ ವರ್ಷದಲ್ಲಿ ಚದುರಿ ಹೋಗುತ್ತದೆ. ಗುರು ಗ್ರಹ ತನ್ನ ಪಾಲನ್ನು ಅಷ್ಟರೊಳಗೆ ಬಾಚಿಕೊಂಡಿತು. ಭೂಮಿ ಪೂರ್ತಿಯಾಗುವ ಹೊತ್ತಿಗೆ ಆ ಅನಿಲ ಖಾಲಿಯಾಗಿತ್ತು.