ಮದ್ದು ಸೊಪ್ಪಿನ ಮರುದಿನ

ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರ ಹೊತ್ತಿಗೆ ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ. ಅಂದು ಆ ಸೊಪ್ಪಿನಲ್ಲಿ 18 ಬಗೆಯ ಔಷಧಿ ತುಂಬಿರುತ್ತದಂತೆ. ಬೇಯಿಸಿದ ನೀರು ಕಡುನೇರಳೆ, ಮರುದಿನ ಮೂತ್ರ ಕೆಂಪು. ‘ನಿಂದು ಕೆಂಪಾಯ್ತಾ?’ ಎಂದು ಗಂಡಸರು ನಾಚದೆ ಕೇಳಿಕೊಳ್ಳುವುದು ಆ ಒಂದು ದಿನ ಮಾತ್ರ. ವರ್ಷದ ಉಳಿದ ದಿನ ಯಾರೂ ಬಾಯಿ ಬಿಡುವುದಿಲ್ಲ.

ಸಿದ್ದಾಪುರದ ಕಡೆ ತೋಟದ ಮನೆಯಲ್ಲಿರುವ ನಮ್ಮ ಮಾವನೂ ಬಾಯಿ ಬಿಡಲಿಲ್ಲ. ರಾತ್ರಿ ನಾಲ್ಕು ಸಲ ಏಳುತ್ತಿದ್ದರು. ಕಕ್ಕಸು ಹೊರಗಡೆ. ಅಂಗಳಕ್ಕಿಳಿಯುವ ಮೊದಲು ಕಾಫಿ ಗಿಡಗಳ ನಡುವೆ ಆನೆ ನಿಂತಿದೆಯೇ ಎಂದು ಟಾರ್ಚ್ ಹಾಯಿಸಬೇಕು. ಅಷ್ಟೆಲ್ಲ ಮಾಡಿ ಹೋಗಿ ನಿಂತರೆ ಬರುವುದು ಹನಿಹನಿ. ‘ಮಳೆಯ ಚಳಿ ಮಾರಾಯ’ ಎನ್ನುತ್ತಿದ್ದರು. ಚಳಿಗೆ ಮೂತ್ರ ಹೆಚ್ಚುವುದು ನಿಜವೇ. ಆದರೆ ಮಾರ್ಚಿನಲ್ಲಿ ಕಾಫಿ ಹೂ ಬಿಟ್ಟಾಗಲೂ ಲೆಕ್ಕ ನಾಲ್ಕೇ ಇತ್ತು.

ತಪ್ಪು ಚಳಿಯದಲ್ಲ, ಗಂಡಸರ ಪ್ರಾಸ್ಟೇಟ್ ಗ್ರಂಥಿಯದು. ಅದು ಇರುವುದು ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಬಳಸಿಕೊಂಡು. ಹರೆಯದಲ್ಲಿ ಸುಮಾರು 20 ಗ್ರಾಂ ತೂಗುತ್ತದೆ. ವಯಸ್ಸಾದಂತೆ ನಾಳಕ್ಕೆ ಅಂಟಿದ ಒಳಭಾಗ ಉಬ್ಬಿ, ದಾರಿ ಕಿರಿದಾಗುತ್ತದೆ. ಮೂತ್ರಕೋಶ ಜೋರಾಗಿ ತಳ್ಳಿ ತಳ್ಳಿ ದಪ್ಪವಾಗುತ್ತದೆ, ಸ್ವಲ್ಪ ತುಂಬಿದರೂ ಅವಸರ ಮಾಡುತ್ತದೆ. ಶುರುವಾಗಲು ತಡ, ಸಣ್ಣ ಧಾರೆ, ಮುಗಿದರೂ ಮುಗಿಯದ ಭಾವ, ಎಲ್ಲವೂ ಇದರಿಂದಲೇ. ಇದು ಕ್ಯಾನ್ಸರ್ ಅಲ್ಲ.

ಒಂದು ಜುಲೈನಲ್ಲಿ ಮಾವ ನೆಗಡಿಗೆಂದು ಮೆಡಿಕಲ್ ಶಾಪಿನ ಮಾತ್ರೆ ನುಂಗಿದರು. ಸಂಜೆಗೆ ಮೂತ್ರ ಪೂರ್ತಿ ಕಟ್ಟಿತು. ಮೂಗು ಕಟ್ಟಿದ್ದನ್ನು ಬಿಡಿಸುವ ಕೆಲವು ಔಷಧಿಗಳು ಮೂತ್ರಕೋಶದ ಕುತ್ತಿಗೆಯ ಸ್ನಾಯುವನ್ನು ಬಿಗಿಮಾಡುತ್ತವೆ. ಹೊಟ್ಟೆ ಹಿಡಿದು ಜೀಪಿನಲ್ಲಿ ಆಸ್ಪತ್ರೆಗೆ ಹೋಗಿ, ನಳಿಕೆ ಹಾಕಿಸಿಕೊಂಡ ಮೇಲೇ ಅವರಿಗೆ ಜೀವ ಬಂದದ್ದು. ಆ ಸ್ನಾಯುವನ್ನೇ ಸಡಿಲಿಸುವ ಟ್ಯಾಮ್ಸುಲೋಸಿನ್ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟರು. ತಲೆ ಸುತ್ತಬಹುದು, ಹಾಸಿಗೆಯಿಂದ ನಿಧಾನ ಏಳಿ ಎಂದರು.

ಕ್ಯಾನ್ಸರಿನ ದಾರಿ ಬೇರೆ. ಅದು ಹೆಚ್ಚಾಗಿ ಗ್ರಂಥಿಯ ಹೊರ ಅಂಚಿನಲ್ಲಿ, ನಾಳದಿಂದ ದೂರ ಹುಟ್ಟುತ್ತದೆ. ಹಾಗಾಗಿ ಮೊದಮೊದಲು ಧಾರೆಗೆ ತೊಂದರೆಯೇ ಇಲ್ಲ. ಧಾರೆ ಚೆನ್ನಾಗಿದೆ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. 50 ದಾಟಿದವರು, ಅಪ್ಪನಿಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ 45ಕ್ಕೇ, ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯಿಂದ ಬರುವ ಒಂದು ಪ್ರೋಟೀನ್) ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಸೋಂಕಿಗೂ ಬರೀ ಊತಕ್ಕೂ ಪಿಎಸ್‌ಎ ಏರುತ್ತದೆ, ಅಂಕಿ ನೋಡಿಯೇ ಎದೆ ಒಡೆದುಕೊಳ್ಳಬೇಡಿ. ಮದ್ದು ಸೊಪ್ಪು ತಿನ್ನದೆಯೇ ಮೂತ್ರ ಕೆಂಪಾದರೆ ಮಾತ್ರ, ನೋವಿಲ್ಲದಿದ್ದರೂ, ತಡಮಾಡಬಾರದು.

ಮಾವ ಈಗ ಒಂದೇ ಸಲ ಏಳುತ್ತಾರೆ. ಟಾರ್ಚ್ ಬಿಟ್ಟಿಲ್ಲ. ಆನೆಗೆ ಮಾತ್ರೆ ಇಲ್ಲವಲ್ಲ.